ನಿಮಗಿದು ಗೊತ್ತೇ? ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಹಾಡಿದವರು

ಸಿದ್ದಾಪುರ ಮತ್ತು ನೆಲ್ಯಹುದಿಕೇರಿ ನಡುವೆ ಹರಿಯುವ ಕಾವೇರಿಯ ಮೇಲೆ ಒಂದು ರಾಕ್ ಹಾಡಿದೆ, ಗೊತ್ತೇ? ಹಾಡಿನ ಹೆಸರು 'ಪ್ಯಾಸಿ', ಅಂದರೆ ಬಾಯಾರಿದವಳು. ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ 2009ರಲ್ಲಿ ಹೊರತಂದ ಮೊದಲ ಆಲ್ಬಮ್‌ನಲ್ಲಿ ಅದಿದೆ. ಕಾವೇರಿ ಜಲವಿವಾದದ ಹಾಡು ಅದು, ಆದರೆ ಯಾವ ರಾಜ್ಯದ ಪರವಾಗಿಯೂ ವಾದ ಮಾಡುವುದಿಲ್ಲ. ಜಗಳವನ್ನು ನದಿಯ ಕಡೆಯಿಂದ ನೋಡುತ್ತದೆ.

ಅದೇ ಬ್ಯಾಂಡ್ 2012ರಲ್ಲಿ 'ಟೋಪಿವಾಲೆ' ಎಂಬ ಎರಡನೆಯ ಆಲ್ಬಮ್ ತಂದಿತು. ಆಮೇಲೆ ಆರು ವರ್ಷ ಪೂರ್ಣ ಪ್ರಮಾಣದ ಆಲ್ಬಮ್ ಇಲ್ಲ. ಮೂರನೆಯದು, 'ರಾಹ್-ಎ-ಫಕೀರಾ', ಬಂದದ್ದು 2018ರಲ್ಲಿ. ಅದೇ ವರ್ಷದ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ನೀಡಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷದ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ನದಿದಂಡೆಯ ಮನೆಗಳಿಗೆ ಕಾವೇರಿ ನುಗ್ಗಿತು. ನೀರು ಇಳಿದ ಮೇಲೂ ಗೋಡೆಗಳ ಮೇಲೆ ಎದೆಮಟ್ಟಕ್ಕೆ ಒಂದು ಕಂದು ಗೆರೆ ಉಳಿದಿತ್ತು. ಸುಣ್ಣ ಬಳಿದರೂ ಅದು ಕೆಳಗಿನಿಂದ ಮತ್ತೆ ಮೂಡುತ್ತಿತ್ತು. ಬಾಯಾರಿದ ನದಿಯ ಹಾಡನ್ನು ಆ ಮಳೆಗಾಲದಲ್ಲಿ ಇಲ್ಲಿ ಕೂತು ಕೇಳಿದವರಿಗೆ ಅದು ಬೇರೆಯೇ ಹಾಡಾಗಿ ಕೇಳಿಸಿತು. ಒಂದೇ ನದಿ ಒಂದು ವರ್ಷ ಕೋರ್ಟಿನಲ್ಲಿ, ಇನ್ನೊಂದು ವರ್ಷ ಅಡುಗೆಮನೆಯಲ್ಲಿ.

ಈ ಸಲದ ಅಂಕಣ ಪೂರ್ತಿ ಇಂಥ 'ಕಮ್‌ಬ್ಯಾಕ್' ಆಲ್ಬಮ್‌ಗಳ ಮೇಲೆ. ವರ್ಷಗಟ್ಟಲೆ ಹೊಸ ಆಲ್ಬಮ್ ಕೊಡದೆ ಇದ್ದ ಬ್ಯಾಂಡ್ ಮತ್ತೆ ಸ್ಟುಡಿಯೋಗೆ ಹೋಗಿ ಹೊಸ ಹಾಡುಗಳ ಕಟ್ಟು ತರುವುದು.

ಹಳೆಯ ಹಾಡು ಹಿಡಿದು ಊರೂರು ತಿರುಗುವುದು ಕಮ್‌ಬ್ಯಾಕ್ ಪ್ರವಾಸ, ಆಲ್ಬಮ್ ಅಲ್ಲ. ಇಂಗ್ಲೆಂಡಿನ ಓಯಸಿಸ್ ಬ್ಯಾಂಡ್‌ನ ಅಣ್ಣತಮ್ಮಂದಿರು 2009ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಜಗಳವಾಡಿ ಬೇರೆಯಾದರು. 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಮತ್ತೆ ಒಂದೇ ವೇದಿಕೆ ಏರಿದರು. ಕ್ರೀಡಾಂಗಣಗಳು ತುಂಬಿದವು. ಆ ಪ್ರವಾಸಕ್ಕೆ ಹೊಸ ಆಲ್ಬಮ್ ಇರಲಿಲ್ಲ. ಹೊಸ ಹಾಡು ಬರೆಯಲು ಹಳೆಯ ಹಾಡು ಹಾಡುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು ಎಂದೇ ನನ್ನ ನಂಬಿಕೆ.

ಇಲ್ಲಿ ಬರುವ ಬಹುಪಾಲು ಬ್ಯಾಂಡುಗಳಿಗೆ ಅಂಟಿದ 'ಆಲ್ಟರ್ನೇಟಿವ್ ರಾಕ್' ಎಂಬ ಹಣೆಪಟ್ಟಿ ಬಲ ಪಡೆದದ್ದು 1980ರ ದಶಕದಲ್ಲಿ. ದೊಡ್ಡ ಕಂಪನಿಗಳ ರೇಡಿಯೋ ಮುಟ್ಟದ ಬ್ಯಾಂಡುಗಳನ್ನು ಅಮೆರಿಕದ ಕಾಲೇಜು ರೇಡಿಯೋಗಳು ನುಡಿಸುತ್ತಿದ್ದವು. ಜಾರ್ಜಿಯಾದ ಅಥೆನ್ಸ್ ಊರಿನ ಆರ್.ಇ.ಎಂ. ಹಾಗೆ ಬೆಳೆದ ಬ್ಯಾಂಡ್. 1991ರ ಸೆಪ್ಟೆಂಬರ್ 24ರಂದು ನಿರ್ವಾಣ ಬ್ಯಾಂಡ್‌ನ 'ನೆವರ್‌ಮೈಂಡ್' ಬಂತು. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್‌ನ 'ಡೇಂಜರಸ್' ಅನ್ನು ಅಮೆರಿಕದ ಪಟ್ಟಿಯ ತುದಿಯಿಂದ ಇಳಿಸಿತು. ಅಂಚಿನಲ್ಲಿದ್ದದ್ದು ನಡುಮನೆಗೆ ಬಂದ ತಿಂಗಳು ಅದು.

ಆರ್.ಇ.ಎಂ. ಮಾತ್ರ ಮರಳಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಜಗಳವಿಲ್ಲದೆ ಮುಗಿಸಿದರು. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಒಂದು ಸಮಾರಂಭದಲ್ಲಿ ನಾಲ್ವರೂ ಕೂಡಿ 'ಲೂಸಿಂಗ್ ಮೈ ರಿಲಿಜನ್' ಎಂಬ ಒಂದೇ ಒಂದು ಹಾಡು ಹಾಡಿ ಇಳಿದರು. ಆ ಹಾಡಿನ ಮ್ಯಾಂಡೊಲಿನ್ ತುಣುಕು ಹುಟ್ಟಿದ್ದು, ಗಿಟಾರ್ ವಾದಕ ಪೀಟರ್ ಬಕ್ ಟಿವಿ ನೋಡುತ್ತಾ ಮ್ಯಾಂಡೊಲಿನ್ ಕಲಿಯುತ್ತಿದ್ದಾಗ.

ಪಿಕ್ಸೀಸ್ ಬ್ಯಾಂಡ್ ಮುರಿದ ಸುದ್ದಿ ಅದರ ಸದಸ್ಯರಿಗೆ ಹೇಗೆ ತಲುಪಿತು ಗೊತ್ತೇ? 1993ರಲ್ಲಿ ಗಾಯಕ ಬ್ಲ್ಯಾಕ್ ಫ್ರಾನ್ಸಿಸ್ ಬಿಬಿಸಿ ರೇಡಿಯೋ ಸಂದರ್ಶನದಲ್ಲಿ ಮೊದಲು ಹೇಳಿಬಿಟ್ಟ. ಆಮೇಲೆ ಗಿಟಾರ್ ವಾದಕನಿಗೆ ಫೋನ್, ಉಳಿದಿಬ್ಬರಿಗೆ ಫ್ಯಾಕ್ಸ್. 1999ರಲ್ಲಿ 'ಫೈಟ್ ಕ್ಲಬ್' ಚಿತ್ರದ ಕೊನೆಯಲ್ಲಿ ಅವರ ಹಳೆಯ ಹಾಡು ಬಂದು, ಬ್ಯಾಂಡ್ ಇದ್ದಾಗ ಹುಟ್ಟಿಯೂ ಇರದ ಮಕ್ಕಳು ಅಭಿಮಾನಿಗಳಾದರು. 2004ರಲ್ಲಿ ವೇದಿಕೆಗೆ ಮರಳಿದರು. ಹೊಸ ಆಲ್ಬಮ್ 'ಇಂಡಿ ಸಿಂಡಿ' ಬಂದಾಗ 2014. ಹಿಂದಿನದಕ್ಕೂ ಇದಕ್ಕೂ 23 ವರ್ಷ. ಅದರ ತಯಾರಿಯ ನಡುವೆಯೇ ಬಾಸ್ ವಾದಕಿ ಕಿಮ್ ಡೀಲ್ ಹೊರಟುಹೋದಳು. ಅವಳಿಲ್ಲದ ಆ ಆಲ್ಬಮ್ ನನಗೆ ಅರ್ಧ ಮರಳಿದ ಬ್ಯಾಂಡ್‌ನಂತೆಯೇ ಕೇಳಿಸುತ್ತದೆ.

ಮೈ ಬ್ಲಡಿ ವ್ಯಾಲೆಂಟೈನ್ ಎಂಬ ಬ್ಯಾಂಡ್‌ನ 'ಲವ್‌ಲೆಸ್' 1991ರಲ್ಲಿ ಬಂತು. ಮುಂದಿನದಕ್ಕೆ ಜನ 2013ರ ಫೆಬ್ರವರಿ 2ರ ರಾತ್ರಿಯವರೆಗೆ ಕಾಯಬೇಕಾಯಿತು. ಯಾವ ಕಂಪನಿಯೂ ಇಲ್ಲದೆ ತಮ್ಮದೇ ಜಾಲತಾಣದಲ್ಲಿ ಬಿಟ್ಟರು. ಮುಗಿಬಿದ್ದ ಜನರ ಭಾರಕ್ಕೆ ತಾಣ ಕುಸಿಯಿತು. ಅಷ್ಟು ವರ್ಷದ ನಂತರವೂ ಹಳೆಯ ಅನಲಾಗ್ ಟೇಪಿನಲ್ಲೇ ಧ್ವನಿಮುದ್ರಣ ಮಾಡಿದ್ದರು.

ಸ್ಲೋಡೈವ್ ಬ್ಯಾಂಡ್: 1995ರ ಆಲ್ಬಮ್ ಬಂದ ಬೆನ್ನಿಗೇ ಕಂಪನಿ ಕೈಬಿಟ್ಟಿತು. 2017ರಲ್ಲಿ ಹೊಸ ಆಲ್ಬಮ್‌ನೊಂದಿಗೆ ಮರಳಿದಾಗ, ಯೌವನದಲ್ಲಿ ಸಿಕ್ಕದ ಸಭಿಕರು ನಡುವಯಸ್ಸಿನಲ್ಲಿ ಸಿಕ್ಕರು.

ಬ್ಲರ್ ಬ್ಯಾಂಡ್‌ನ 'ದಿ ಮ್ಯಾಜಿಕ್ ವಿಪ್' (2015) ಒಂದು ರದ್ದಾದ ಕಾರ್ಯಕ್ರಮದ ಕೂಸು. 2013ರಲ್ಲಿ ಜಪಾನಿನ ಉತ್ಸವವೊಂದು ನಿಂತುಹೋಗಿ ನಾಲ್ವರೂ ಹಾಂಗ್‌ಕಾಂಗ್‌ನಲ್ಲಿ ಕೆಲಸವಿಲ್ಲದೆ ಉಳಿದರು. ಹೋಟೆಲಿನಲ್ಲಿ ಮಲಗುವ ಬದಲು ಕೌಲೂನಿನ ಒಂದು ಇಕ್ಕಟ್ಟಿನ ಸ್ಟುಡಿಯೋ ಹೊಕ್ಕು ಐದು ದಿನ ನುಡಿಸಿದರು. ಟೇಪುಗಳು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿದ್ದಿದ್ದವು. ಗಿಟಾರ್ ವಾದಕ ಗ್ರಹಾಂ ಕಾಕ್ಸನ್ ಅವನ್ನು ಎತ್ತಿಕೊಂಡು ಹಳೆಯ ನಿರ್ಮಾಪಕರ ಬಳಿ ಹೋಗಿ ತಿದ್ದಿದ. ಕಾಕ್ಸನ್ ಹಿಂದೆ ಅದೇ ಬ್ಯಾಂಡ್ ಬಿಟ್ಟು ಹೋಗಿದ್ದವನು. ಬಿಟ್ಟುಹೋದವನೇ ಕೂತು ಪೂರ್ಣಗೊಳಿಸಿದ್ದು ನನಗೆ ಈ ಕಥೆಯ ಅತಿ ಪ್ರೀತಿಯ ಭಾಗ.

ಸತ್ತವನ ಜಾಗದಲ್ಲಿ ನಿಂತು ಹಾಡುವುದು ಹೇಗೆ? ಸಿಯಾಟಲ್‌ನ ಆಲಿಸ್ ಇನ್ ಚೈನ್ಸ್ ಗಾಯಕ ಲೇನ್ ಸ್ಟೇಲಿ 2002ರ ಏಪ್ರಿಲ್ 5ರಂದು ತೀರಿಕೊಂಡ. ಅದೇ ಊರಿನ, ನಿರ್ವಾಣದ ಕರ್ಟ್ ಕೋಬೇನ್ ಹೋದದ್ದೂ ಏಪ್ರಿಲ್ 5ರಂದೇ, 1994ರಲ್ಲಿ. 2009ರಲ್ಲಿ ಬ್ಯಾಂಡ್ ವಿಲಿಯಂ ಡ್ಯುವಾಲ್‌ನನ್ನು ಸೇರಿಸಿಕೊಂಡು 'ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ' ತಂದಿತು. ಕೊನೆಯ ಹಾಡು ಲೇನ್‌ಗೆ ವಿದಾಯ. ಅದರಲ್ಲಿ ಪಿಯಾನೋ ನುಡಿಸಿದವರು ಎಲ್ಟನ್ ಜಾನ್. ಲೇನ್ ಬದುಕಿನಲ್ಲಿ ನೋಡಿದ ಮೊದಲ ಸಂಗೀತ ಕಾರ್ಯಕ್ರಮ ಅವರದ್ದೇ.

ಲಿಂಕಿನ್ ಪಾರ್ಕ್ ಕೂಡ ಇದೇ ದಾರಿ ಹಿಡಿಯಿತು. 2017ರ ಜುಲೈ 20ರಂದು ಗಾಯಕ ಚೆಸ್ಟರ್ ಬೆನಿಂಗ್ಟನ್ ಹೋದ. ಏಳು ವರ್ಷ ಕಳೆದು, 2024ರ ನವೆಂಬರ್ 15ರಂದು, ಎಮಿಲಿ ಆರ್ಮ್‌ಸ್ಟ್ರಾಂಗ್ ಧ್ವನಿಯೊಂದಿಗೆ 'ಫ್ರಮ್ ಝೀರೋ'. ಗಂಡಸು ಹಾಡಿದ್ದ ಹಾಡುಗಳನ್ನು ಹೆಂಗಸು ಹಾಡಬಹುದೇ ಎಂದು ಜಗತ್ತಿನಾದ್ಯಂತ ವಾದ ನಡೆಯಿತು. ಹಾಡಬಹುದು. ನಮ್ಮ ಜನಪದ ಮೇಳಗಳಲ್ಲಿ ಒಂದೇ ಹಾಡು ಅಜ್ಜನಿಂದ ಮೊಮ್ಮಗಳಿಗೆ ಬಂದಿಲ್ಲವೇ?

ದೆಹಲಿಯ ಇಂಡಿಯನ್ ಓಷನ್‌ನ ತಬಲಾ ವಾದಕ, ಗಾಯಕ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್ 25ರಂದು ತೀರಿಹೋದರು. ಅವರ ಧ್ವನಿಯಿದ್ದ ಹಾಡುಗಳನ್ನು ಬ್ಯಾಂಡ್ ಮಾರಲಿಲ್ಲ. 2010ರಿಂದ ತಿಂಗಳಿಗೊಂದರಂತೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಬಿಟ್ಟಿತು. ಆಲ್ಬಮ್ ಹೆಸರು '16/330 ಖಜೂರ್ ರೋಡ್', ಅಂದರೆ ಅವರು ಅಭ್ಯಾಸ ಮಾಡುತ್ತಿದ್ದ ಕರೋಲ್‌ಬಾಗ್ ಮನೆಯ ವಿಳಾಸ.

ಗಡಿಯಾಚೆಯ ಕರಾಚಿಯಲ್ಲಿ ಸ್ಟ್ರಿಂಗ್ಸ್ ಬ್ಯಾಂಡ್ 1992ರಲ್ಲಿ ನಿಂತುಹೋಯಿತು. 2000ದಲ್ಲಿ 'ದೂರ್' ಆಲ್ಬಮ್‌ನೊಂದಿಗೆ ಇಬ್ಬರೇ ಮರಳಿದರು. ಕ್ಯಾಸೆಟ್ ಕಾಲದ ಕೊನೆಯ ಕೇಳುಗರಿಗೆ ಆ ಆಲ್ಬಮ್ ನೆನಪಿರಬಹುದು.

ಈಗ ಮನೆಗೆ ಬರೋಣ. ಪಾಶ್ಚಾತ್ಯ ಬ್ಯಾಂಡುಗಳ ಕಥೆಯಲ್ಲಿ ಜಗಳ, ಮಾದಕ ದ್ರವ್ಯ, ವಕೀಲರ ನೋಟಿಸು ಇರುತ್ತವೆ. ನಮ್ಮ ಬ್ಯಾಂಡುಗಳು ಹಾಗೆ ಒಡೆಯುವುದು ಕಡಿಮೆ. ಒಬ್ಬನಿಗೆ ಬೇರೆ ಊರಿಗೆ ವರ್ಗ, ಇನ್ನೊಬ್ಬನಿಗೆ ಮನೆಸಾಲದ ಕಂತು, ಮತ್ತೊಬ್ಬನಿಗೆ ಮಗಳ ಶಾಲೆಯ ಫೀಸು. ಅಭ್ಯಾಸ ವಾರಕ್ಕೆ ಮೂರು ದಿನದಿಂದ ಒಂದಕ್ಕೆ, ಒಂದರಿಂದ 'ನೋಡೋಣ'ಕ್ಕೆ ಇಳಿಯುತ್ತದೆ. ಯಾರೂ ವಿದಾಯ ಹೇಳಿರುವುದಿಲ್ಲ, ಆದ್ದರಿಂದ ಮರಳಿ ಬಂದಾಗ ಅದನ್ನು ಮರಳುವಿಕೆ ಎಂದು ಯಾರೂ ಗುರುತಿಸುವುದೂ ಇಲ್ಲ. ಐದಾರು ವರ್ಷ ಬಿಟ್ಟು ಬರುವ ನಮ್ಮವರ ಆಲ್ಬಮ್ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಾಗಿ ಮುಗಿಯುತ್ತದೆ. ಇದು ಅನ್ಯಾಯ. ಕಂಪನಿಯ ಮುಂಗಡವಿಲ್ಲದೆ, ಸಿನಿಮಾದ ನಾಯಕನಿಲ್ಲದೆ, ಸಂಬಳದ ಹಣ ಹಾಕಿ ಮಾಡಿದ ಆಲ್ಬಮ್ ಅದು.

ಅಗಂ ಬ್ಯಾಂಡ್ ನೋಡಿ. ಬೆಂಗಳೂರಿನಲ್ಲಿ 2003ರಲ್ಲಿ ಹುಟ್ಟಿದ, ಕರ್ನಾಟಕ ಸಂಗೀತವನ್ನು ರಾಕ್ ಮೇಲೆ ಕೂರಿಸಿದ ತಂಡ. ತ್ಯಾಗರಾಜರ ಕೃತಿಗೆ ಡಿಸ್ಟಾರ್ಷನ್ ಗಿಟಾರ್ ಹಾಕಿ ಸಭೆಯನ್ನು ಕುಣಿಸುತ್ತಾರೆ. ಮೊದಲ ಆಲ್ಬಮ್ 2012ರಲ್ಲಿ, ಎರಡನೆಯದು 2017ರಲ್ಲಿ, ಮೂರನೆಯದು, 'ಅರೈವಲ್ ಆಫ್ ದಿ ಇಥೀರಿಯಲ್', 2025ರಲ್ಲಿ. ಇಪ್ಪತ್ತು ವರ್ಷ ದಾಟಿದ ಬ್ಯಾಂಡ್‌ಗೆ ಮೂರೇ ಆಲ್ಬಮ್. ಗಾಯಕ ಹರೀಶ್ ಶಿವರಾಮಕೃಷ್ಣನ್ ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ವಿನ್ಯಾಸದ ಮುಖ್ಯ ಹುದ್ದೆಗಳಲ್ಲಿ ದುಡಿದವರು. ಹಗಲು ಪರದೆಯ ಮೇಲಿನ ಗುಂಡಿ ಎಲ್ಲಿರಬೇಕು ಎಂಬ ಚರ್ಚೆ, ರಾತ್ರಿ ರಾಗದ ಗಮಕ ಎಲ್ಲಿರಬೇಕು ಎಂಬ ಚರ್ಚೆ. ಹೀಗೆ ಬದುಕುವವರ ಎಂಟು ವರ್ಷದ ಅಂತರವನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರದು.

ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಎಂಬ ಬ್ಯಾಂಡ್ ಹೆಸರಿನಲ್ಲಿ ಮಲಯಾಳಿಗಳು ಅಡಗಿದ್ದಾರೆ, ಗೊತ್ತೇ? 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದಾಗ ಮೂವರು ಪೂರ್ಣ ಮಲಯಾಳಿಗಳು, ಇನ್ನೊಬ್ಬ ಕಾಲು ಮಲಯಾಳಿ. ಕನ್ನಡ, ಕೊಡವ ತಕ್ಕ್, ಮಲಯಾಳ, ತಮಿಳು ಒಂದೇ ಬಸ್ಸಿನಲ್ಲಿ ಕೇಳಿಬರುವ ಸಿದ್ದಾಪುರದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಗಾಯಕ ಮತ್ತು ಗಿಟಾರ್ ವಾದಕರ ಹೆಸರು ಬ್ರೂಸ್ ಲೀ ಮಣಿ. 2012ರಲ್ಲಿ ಅವರು '3 ವೀಲ್ಸ್ 9 ಲೈವ್ಸ್' ಎಂಬ ಮೂರು ಡಿಸ್ಕ್‌ಗಳ ಆಲ್ಬಮ್ ತಂದರು. ಮೂರು ಚಕ್ರ ಯಾವುದರದ್ದು ಎಂದು ಬೆಂಗಳೂರಿನಲ್ಲಿ ಮೀಟರ್ ಜಗಳ ಆಡಿದವರಿಗೆ ಹೇಳಬೇಕಿಲ್ಲ. ಬಾಸ್ ವಾದಕರು ಬದಲಾದರು, ಗಿಟಾರ್ ವಾದಕರು ಬಂದು ಹೋದರು, ಬ್ಯಾಂಡ್ ಮಾತ್ರ ನಿಲ್ಲಲಿಲ್ಲ. 2020ರಲ್ಲಿ 'ಎ ವರ್ಲ್ಡ್ ಗಾನ್ ಮ್ಯಾಡ್' ಬಂತು. ನಡುವಿನ ವರ್ಷಗಳಲ್ಲಿ ಹೊಟ್ಟೆಪಾಡಿಗೂ ಊರಿನ ಒಳಿತಿಗೂ ಒಂದು ಸಂಗೀತ ಶಾಲೆ ನಡೆಸಿದರು. ಹೆಸರು ತಾಕಾಡೆಮಿ. ಅಲ್ಲಿ ಕಲಿತವರು ಈಗ ಬೇರೆ ಬ್ಯಾಂಡುಗಳಲ್ಲಿದ್ದಾರೆ.

ಪರ್ವಾಝ್: ಬೆಂಗಳೂರಿನಲ್ಲಿ ಕೂತು ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುವ ತಂಡ. 'ಬರನ್' 2014, 'ಕುನ್' 2019. ಇಲ್ಲೂ ಐದು ವರ್ಷ.

ಮಲಯಾಳದಲ್ಲಿ ಆಲ್ಟರ್ನೇಟಿವ್ ರಾಕ್ ಕೇಳಬೇಕೆಂದಿರುವ ಸಿದ್ದಾಪುರದ ಗೆಳೆಯರಿಗೆ: ಅವಿಯಲ್ ಬ್ಯಾಂಡ್‌ನ 2008ರ ಆಲ್ಬಮ್. 'ನಡ ನಡ' ಹಾಡಿನಿಂದ ಶುರು ಮಾಡಿ.

ಒಂದು ಬ್ಯಾಂಡ್ ಮುರಿದು ಇನ್ನೊಂದಾಗಿ ಮರಳಿದ್ದಕ್ಕೆ ಕರ್ನಾಟಕದ ದೊಡ್ಡ ಉದಾಹರಣೆ ರಘು ದೀಕ್ಷಿತ್. ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು, ಬೆಲ್ಜಿಯಂನಲ್ಲಿ ವಿಜ್ಞಾನಿಯಾಗಿ ದುಡಿದವರು. 90ರ ದಶಕದ ಕೊನೆಯಲ್ಲಿ ಅಂತರಾಗ್ನಿ ಎಂಬ ಬ್ಯಾಂಡ್ ಕಟ್ಟಿದರು. ಅದು ಕರಗಿತು. ಆಮೇಲೆ ಯಾರು ಬೇಕಾದರೂ ಬಂದು ಸೇರಬಹುದಾದ, ಯಾರು ಹೋದರೂ ನಿಲ್ಲದ 'ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ಕಂಪನಿಗಳು ಒಪ್ಪದ ಹಾಡುಗಳನ್ನು ಮುಂಬೈಯ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮ ಸಂಸ್ಥೆಯಿಂದ 2008ರಲ್ಲಿ ಹೊರತಂದರು. ಆಗ ರಘುಗೆ 33 ವರ್ಷ. ರಾಕ್ ಲೆಕ್ಕದಲ್ಲಿ ಅದು ತಡ. ಅದೇ ವರ್ಷ ಅವರದೇ ಸಂಗೀತದ 'ಸೈಕೋ' ಚಿತ್ರದ ಮಹದೇಶ್ವರನ ಹಾಡು ಆಟೋಗಳಲ್ಲಿ, ಜಾತ್ರೆಗಳಲ್ಲಿ, ಮದುವೆ ಮನೆಗಳಲ್ಲಿ ಒಮ್ಮೆಲೇ ಮೊಳಗಿತು.

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಲುಂಗಿ, ಗೆಜ್ಜೆ ತೊಟ್ಟು ಹಾಡಿದ ಮೇಲೆ ಆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. ಎರಡು ವರ್ಷ ಹಳೆಯ ಆಲ್ಬಮ್! 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಮೊದಲ ಬ್ಯಾಂಡ್ ಕಟ್ಟಿ ದಶಕ ದಾಟಿದವರು ಅವರ ಕಣ್ಣಿಗೆ ಹೊಸಬರು. ಎರಡನೆಯ ಆಲ್ಬಮ್ 'ಜಗ್ ಚಂಗಾ' ಬಂದದ್ದು 2013ರಲ್ಲಿ. ಲಂಡನ್ನಿನವರು ಕೇಳಿ ತಲೆದೂಗಿದ ಮೊದಲ ಆಲ್ಬಮ್‌ನ ಕನ್ನಡ ಸಾಹಿತ್ಯದಲ್ಲಿ ಶಿಶುನಾಳ ಶರೀಫರದ್ದೂ ಇತ್ತು. 1819ರಲ್ಲಿ ಹುಟ್ಟಿ 1889ರಲ್ಲಿ ಹೋದ ಶರೀಫರು ಮತ್ತೆ ಮತ್ತೆ ಮರಳಿ ಬರುತ್ತಲೇ ಇದ್ದಾರೆ. ಒಮ್ಮೆ ಸಿ. ಅಶ್ವತ್ಥರ ಗಂಟಲಲ್ಲಿ, ಒಮ್ಮೆ ಎಲೆಕ್ಟ್ರಿಕ್ ಗಿಟಾರಿನ ಜೊತೆ.

ಸ್ವರಾತ್ಮದ ಗಾಯಕ ವಾಸು ದೀಕ್ಷಿತ್ ರಘು ಅವರ ತಮ್ಮ. ಒಂದೇ ಮನೆಯಿಂದ ಎರಡು ಬ್ಯಾಂಡ್. ಆದರೆ ಓಯಸಿಸ್ ಮನೆಯ ಹಾಗಲ್ಲ.

ಸ್ವರಾತ್ಮದ ಮಾತು ಬಂದಾಗ ಇನ್ನೊಂದು ಹೇಳಬೇಕು. 'ಟೋಪಿವಾಲೆ'ಯಲ್ಲಿ 'ಘುಂ' ಎಂಬ ಹಾಡಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕುರಿತಾದದ್ದು. 2012ರ ಆ ಆಲ್ಬಮ್ ಬಂದ ವರ್ಷವೇ ಸಂಸತ್ತು ಪೋಕ್ಸೋ ಕಾಯ್ದೆ ಅಂಗೀಕರಿಸಿತು. ಮನೆಯೊಳಗೆ ಪಿಸುಮಾತಾಗಿಯೂ ಆಡದ ವಿಷಯವನ್ನು ಡ್ರಮ್ಸ್ ಮುಂದೆ ನಿಂತು ಹಾಡಿದ ಬ್ಯಾಂಡ್ ಅದು. ಇಂಥವರು ಆರು ವರ್ಷದ ನಂತರ ಮತ್ತೆ ಬಂದರೆ ಕಿವಿಗೊಡದೆ ಇರುವುದು ನಮಗೇ ನಷ್ಟ.

ಕೊಡಗಿನವರ ಹೆಸರು ಈ ಲೋಕದಲ್ಲಿ ಇಲ್ಲವೇ? ಇದೆ, ಅದೂ ಜಗತ್ತೇ ಕುಣಿದ ಹೆಸರು. ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವ ಮೂಲದವರು, ಬೆಂಗಳೂರಿನಲ್ಲಿ ಹುಟ್ಟಿದವರು, 60ರ ದಶಕದಲ್ಲಿ ಟ್ರೋಜನ್ಸ್ ಎಂಬ ಬೆಂಗಳೂರಿನ ಬ್ಯಾಂಡ್‌ನಲ್ಲಿ ಗಿಟಾರ್ ಹಿಡಿದವರು. 1967ರಲ್ಲಿ ಲಂಡನ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಜಮೈಕಾ ಮೂಲದ ಗಾಯಕನಿಂದ ಒಂದು ಹಾಡು ಮುದ್ರಿಸುತ್ತಿದ್ದರು. ಮೂರು ಗಂಟೆಯ ಸ್ಟುಡಿಯೋ ಸಮಯದಲ್ಲಿ ಬಹುಪಾಲು ಆ ಮುಖ್ಯ ಹಾಡಿಗೇ ಹೋಯಿತು. ತಟ್ಟೆಯ ಹಿಂಬದಿಗೆ ಏನಾದರೊಂದು ಬೇಕಲ್ಲ ಎಂದು ಉಳಿದ ಹತ್ತು ನಿಮಿಷದಲ್ಲಿ ಡಗ್ಲಸ್ ಬರೆದುಕೊಂಡು ಬಂದಿದ್ದ ಸಾಲುಗಳನ್ನು ಹಾಡಿಸಿದರು. ಅದೇ 'ಕುಂಗ್ ಫೂ ಫೈಟಿಂಗ್'. ಕಂಪನಿಯವರು ಹಿಂಬದಿಯನ್ನು ಮುಂಬದಿ ಮಾಡಿದರು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ಮೊದಲ ಸ್ಥಾನಕ್ಕೇರಿತು.

ಬಿದ್ದು ಅವರ ಹಾಡು ಆಲ್ಟರ್ನೇಟಿವ್ ಅಲ್ಲ, ಅಪ್ಪಟ ಡಿಸ್ಕೋ. ಆದರೆ ಮರಳುವ ವಿದ್ಯೆ ಅವರಷ್ಟು ಬಲ್ಲವರು ಕಡಿಮೆ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಬ್ರಿಟನ್ನಿನಲ್ಲಿ ಮೊದಲು. 1980ರಲ್ಲಿ 'ಕುರ್ಬಾನಿ' ಚಿತ್ರಕ್ಕೆ 'ಆಪ್ ಜೈಸಾ ಕೋಯಿ', ಹಾಡಿದ್ದು ಹದಿಹರೆಯದ ನಾಜಿಯಾ ಹಸನ್. 1981ರಲ್ಲಿ 'ಡಿಸ್ಕೋ ದೀವಾನೆ'. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು, ಡಿಸ್ಕೋ ಸತ್ತೇಹೋಯಿತು ಎಂದು ಎಲ್ಲರೂ ಅಂದುಕೊಂಡ ಮೇಲೆ, 1995ರಲ್ಲಿ ಅಲಿಶಾ ಚಿನಾಯ್ ಧ್ವನಿಯಲ್ಲಿ 'ಮೇಡ್ ಇನ್ ಇಂಡಿಯಾ'. ಮೂರು ದಶಕ, ಮೂರು ತಲೆಮಾರಿನ ಕುಣಿತ. ಕೊಡಗಿನ ಶಾಲೆಗಳ ರಸಪ್ರಶ್ನೆಯಲ್ಲಿ ಸೈನ್ಯಾಧಿಕಾರಿಗಳ, ಹಾಕಿ ಆಟಗಾರರ ಹೆಸರು ಕೇಳುತ್ತಾರೆ. ಬಿದ್ದು ಹೆಸರನ್ನೂ ಕೇಳಬೇಕು.

ನಾಲ್ವರ ತಂಡ ಎಂಬುದು ಬೀಟಲ್ಸ್ ಕಂಡುಹಿಡಿದದ್ದಲ್ಲ. ಕೊಡವರ ಬಾಳೋ ಪಾಟ್ ಹಾಡುವುದು ದುಡಿ ಹಿಡಿದ ನಾಲ್ವರು. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಅಂಗೈಯಗಲದ ಆ ದುಡಿಯ ಸದ್ದು ಹತ್ತಿರದಿಂದ ಕೇಳಿದ್ದೀರಾ? ಮೊದಲು ಒಣ ಟಕ್, ಅದರ ಹಿಂದೆಯೇ ನಡು ಹಿಸುಕಿದಾಗ ಬಾಗಿ ಏರುವ ಒಂದು ಸ್ವರ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ನೂರು ವರ್ಷ ದಾಟಿತು. ಆ ದುಡಿಯನ್ನು ಬಾಸ್ ಗಿಟಾರಿನ ಪಕ್ಕದಲ್ಲಿ ಕೂರಿಸುವ ಕೊಡಗಿನ ಬ್ಯಾಂಡ್‌ಗಾಗಿ ನಾನು ಆಸೆಯಿಂದ ಕಾಯುತ್ತಿದ್ದೇನೆ.

   



ಮತ್ತೆ ಹೊರಗಿನವರ ಕಮ್‌ಬ್ಯಾಕ್‌ಗಳಿಗೆ ಬರೋಣ. ಟೂಲ್ ಬ್ಯಾಂಡ್ 13 ವರ್ಷ ಕಾಯಿಸಿ 2019ರ ಆಗಸ್ಟ್ 30ರಂದು 'ಫಿಯರ್ ಇನಾಕ್ಯುಲಮ್' ಬಿಟ್ಟಿತು. ಶೀರ್ಷಿಕೆ ಗೀತೆಯ ಉದ್ದ 10 ನಿಮಿಷ 21 ಸೆಕೆಂಡ್. ಅಮೆರಿಕದ ಮೊದಲ ನೂರು ಹಾಡುಗಳ ಪಟ್ಟಿ ಸೇರಿದ ಅತಿ ಉದ್ದದ ಹಾಡು ಎಂಬ ದಾಖಲೆ ಆಗ ಅದರದ್ದಾಯಿತು. ಟೇಲರ್ ಸ್ವಿಫ್ಟ್ ಆಲ್ಬಮ್ ಒಂದೇ ವಾರಕ್ಕೆ ಮೊದಲ ಸ್ಥಾನ ಬಿಟ್ಟುಕೊಡಬೇಕಾಯಿತು.

ಪಲ್ಪ್ ಬ್ಯಾಂಡ್ 24 ವರ್ಷದ ನಂತರ 2025ರಲ್ಲಿ 'ಮೋರ್' ತಂದಿತು. ಕಾದದ್ದು ಅಷ್ಟು ವರ್ಷ, ಮುದ್ರಿಸಿದ್ದು ಮೂರೇ ವಾರ. 2023ರಲ್ಲಿ ತೀರಿಕೊಂಡ ತಮ್ಮ ಬಾಸ್ ವಾದಕ ಸ್ಟೀವ್ ಮ್ಯಾಕಿಗೆ ಅದನ್ನು ಅರ್ಪಿಸಿದರು.

ಇವೆಲ್ಲದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ದಿ ಕ್ಯೂರ್ ಬ್ಯಾಂಡ್‌ನ ಮರಳುವಿಕೆ. 2008ರ ನಂತರ 16 ವರ್ಷ ಬಿಟ್ಟು, 2024ರ ನವೆಂಬರ್ 1ರಂದು 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಬಂತು. ಎಂಟೇ ಹಾಡು. ಮೊದಲ ಹಾಡು 'ಅಲೋನ್' ಹಾಕಿ ಗಡಿಯಾರ ನೋಡಿ. ಡ್ರಮ್ಸ್ ಆತುರವಿಲ್ಲದೆ ಬೀಳುತ್ತದೆ, ಅದರ ಮೇಲೆ ಕೀಬೋರ್ಡಿನ ಅಗಲವಾದ ಅಲೆ, ಕೆಳಗೆ ಗುರುಗುಟ್ಟುವ ಬಾಸ್. ಒಂದು ನಿಮಿಷ ಕಳೆಯಿತು, ಗಾಯಕನಿಲ್ಲ. ಎರಡು ನಿಮಿಷ, ಇಲ್ಲ. ಮೂರು ನಿಮಿಷ ದಾಟಿದ ಮೇಲೆ ರಾಬರ್ಟ್ ಸ್ಮಿತ್ ಬಾಯಿ ತೆರೆಯುತ್ತಾನೆ. ಹದಿನೈದು ಸೆಕೆಂಡಿನ ರೀಲ್ಸ್ ಕಾಲದಲ್ಲಿ, 65 ವರ್ಷದವನೊಬ್ಬ ಕೇಳುಗರ ಮೇಲೆ ಇಷ್ಟು ನಂಬಿಕೆ ಇಟ್ಟ. ತಾಯಿ, ತಂದೆ, ಅಣ್ಣ ಮೂವರನ್ನೂ ಕಳೆದುಕೊಂಡ ದುಃಖ ಆ ಆಲ್ಬಮ್‌ನಲ್ಲಿದೆ. ಒಂದು ಹಾಡು ಪೂರ್ತಿ ಅಣ್ಣನಿಗೆ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಬ್ಯಾಂಡ್‌ಗೆ ಆ ಸ್ಥಾನ ಹಿಂದೆ ಸಿಕ್ಕದ್ದು 1992ರಲ್ಲಿ.

ಅದೇ ಸ್ಮಿತ್ 2023ರಲ್ಲಿ ಅಮೆರಿಕ ಪ್ರವಾಸದ ಟಿಕೆಟ್ ಮೇಲೆ ಹೇರಿದ ಹೆಚ್ಚುವರಿ ಶುಲ್ಕದ ವಿರುದ್ಧ ಬಹಿರಂಗವಾಗಿ ಜಗಳಕ್ಕೆ ನಿಂತು, ಕೊಂಡವರಿಗೆ 5ರಿಂದ 10 ಡಾಲರ್ ವಾಪಸ್ ಕೊಡಿಸಿದ. ಅಭಿಮಾನಿಗಳ ಜೇಬಿನ ಬಗ್ಗೆ ಇಷ್ಟು ಕಾಳಜಿ ಇರುವ ಗಾಯಕನ ಹಾಡಿಗೆ ಮೂರು ನಿಮಿಷ ಕಾಯಲು ನನಗೆ ಸಂತೋಷ.

 

ಇನ್ನು, ಈಗ ಹಾಡು ಕೇಳುವ ಆ್ಯಪ್‌ಗಳ ಲೆಕ್ಕ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದರಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು 'ಪ್ಲೇ' ಎಂದು ಎಣಿಕೆ. 2024ರಿಂದ ಇನ್ನೊಂದು ನಿಯಮ ಸೇರಿತು. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಸಿಕೊಂಡಿರದಿದ್ದರೆ ಅದರ ಧ್ವನಿಮುದ್ರಣಕ್ಕೆ ಒಂದು ಪೈಸೆಯೂ ಇಲ್ಲ. ದೊಡ್ಡ ಸಿನಿಮಾ ಹಾಡಿಗೆ ಇದು ಅರ್ಧ ಗಂಟೆಯ ಮಾತು. ಮೊದಲ ಆಲ್ಬಮ್ ಮಾಡಿದ ಮಡಿಕೇರಿಯ ಅಥವಾ ಮೈಸೂರಿನ ಹುಡುಗರಿಗೆ ಇದು ಎತ್ತರದ ಹೊಸ್ತಿಲು.

ಅದಕ್ಕೇ ಈ ವಾರಕ್ಕೆ ಒಂದು ಚಿಕ್ಕ ಪಟ್ಟಿ. ಸ್ವರಾತ್ಮದ 'ಪ್ಯಾಸಿ', ಆಮೇಲೆ 'ರಾಹ್-ಎ-ಫಕೀರಾ' ಮೊದಲಿನಿಂದ ಕೊನೆಯವರೆಗೆ. ಅಗಂನ ಮೂರನೆಯ ಆಲ್ಬಮ್. ಪರ್ವಾಝ್‌ನ 'ಕುನ್'. ಸಮಯ ಉಳಿದರೆ 'ಅಲೋನ್', ಫಾರ್ವರ್ಡ್ ಒತ್ತದೆ. ತೋಟದ ಕಡೆ ಸಿಗ್ನಲ್ ಸಿಗುವುದಿಲ್ಲ ಎನ್ನುವವರು ಸಿದ್ದಾಪುರ ಪೇಟೆಗೆ ಬಂದಾಗಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಸಿಗ್ನಲ್ ಇಲ್ಲದ ಕಡೆ ಕೇಳಿದ್ದೂ ಫೋನ್ ಮತ್ತೆ ನೆಟ್‌ವರ್ಕ್ ಹಿಡಿದಾಗ ಲೆಕ್ಕಕ್ಕೆ ಸೇರುತ್ತದೆ.